ಪುಷ್ಪಾವತಿಯ ಮಣಿಕಟ್ಟು

ಪುಷ್ಪಾವತಿ ಯಾರನ್ನು ಬೇಕಾದರೂ ಅಣಕಿಸುತ್ತಿದ್ದಳು. ಬಸ್ ಕಂಡಕ್ಟರು ಆಧಾರ್ ಕಾರ್ಡು ಮನೆಯಲ್ಲೇ ಬಿಟ್ಟುಬಂದ ಹೆಂಗಸರನ್ನು ಬೈಯುವುದು, ಪಂಚಾಯ್ತಿ ಮೆಂಬರು ಫೋಟೋ ತೆಗೆಸಿಕೊಳ್ಳುವಾಗ ಹೊಟ್ಟೆ ಒಳಗೆಳೆದುಕೊಳ್ಳುವುದು, ಅವಳ ಅತ್ತೆ ಶಂಕರಮ್ಮ ಟೀವಿಯೊಳಗಿನ ಸೊಸೆಗೆ ಬುದ್ಧಿ ಹೇಳುವುದು, ಎಲ್ಲವನ್ನೂ ಕೂತ ಜಾಗದಿಂದ ಏಳದೆ ಮಾಡಿ ತೋರಿಸುತ್ತಿದ್ದಳು. ಕೈ ಮಾತ್ರ ಅಡಿಕೆ ಸುಲಿಯುತ್ತಲೇ ಇರುತ್ತಿತ್ತು. ನನ್ನನ್ನೂ ಬಿಟ್ಟವಳಲ್ಲ.

"ದುರುಗಕ್ಕ ಬಯ್ಯಾಕೆ ಮುಂಚೆ ಸೆರಗು ಸೊಂಟಕ್ಕೆ ಸಿಗಿಸ್ತಾಳೆ. ಆಮೇಲೆ ಮೂಗು ಉಜ್ತಾಳೆ. ಆಮೇಲೆ ಓಡ್ರಪ್ಪೋ ಓಡ್ರಿ!" ಎನ್ನುತ್ತಿದ್ದಳು.

ದುರುಗಕ್ಕ ಎಂದರೆ ನಾನೇ. ನನಗೆ ಐವತ್ತೆರಡು. ಏಳನೇ ಕ್ಲಾಸು ಓದಿದ್ದೇನೆ, ಪೇಪರ್ ಓದುತ್ತೇನೆ, ಯಾರ ಹಂಗಿನಲ್ಲೂ ಇಲ್ಲ ಎಂದುಕೊಂಡು ಬದುಕಿದವಳು. ಸುಲಿಯುವ ಹೆಂಗಸರ ಗುಂಪಿಗೆ ನಾನು ಹಿರಿಯಾಕೆ. ಯಾರಿಗೆ ಜ್ವರ, ಯಾರು ರಜೆ, ಯಾರ ಕೂಸನ್ನು ಯಾರು ನೋಡಿಕೊಳ್ಳಬೇಕು, ಎಲ್ಲ ನನ್ನ ಬಾಯಲ್ಲೇ ತೀರ್ಮಾನವಾಗುತ್ತಿತ್ತು.

ನಮ್ಮೂರು ಸಂತೇಬೆನ್ನೂರಿನಿಂದ ನಾಲ್ಕು ಮೈಲಿ. ಊರಿನಲ್ಲಿ ಷಣ್ಮುಖಪ್ಪನವರು ಖೇಣಿ ಹಿಡಿಯುತ್ತಾರೆ. ಅಂದರೆ ಮರದ ಮೇಲಿನ ಅಡಿಕೆಯನ್ನೇ ಮಾತಾಡಿಕೊಂಡು, ಕೊಯ್ಸಿ, ಸುಲಿಸಿ, ಬೇಯಿಸಿ, ಒಣಗಿಸಿ ಚನ್ನಗಿರಿ ಮಂಡಿಗೆ ಹಾಕುತ್ತಾರೆ. ಮೆಷಿನ್ನು ಬಂದು ವರ್ಷಗಳಾದವು. ಆದರೂ ಎಳೆಗಾಯಿ ಮೆಷಿನ್ನಿಗೆ ಕೊಟ್ಟರೆ ಹೋಳಾಗಿ ಬೀಳುತ್ತದೆಂದು ಅವರು ಹದಿನೆಂಟು ಹೆಂಗಸರನ್ನು ಉಳಿಸಿಕೊಂಡಿದ್ದರು. ತಗಡಿನ ಸೂರಿನ ಉದ್ದನೆಯ ಮನೆ, ಎರಡು ಸಾಲು, ಒಬ್ಬೊಬ್ಬರ ಮುಂದೆ ಒಂದೊಂದು ಮೆಟ್ಟುಗತ್ತಿ. ಕತ್ತಿಯ ಮಣೆಯನ್ನು ಕಾಲಿನಿಂದ ಮೆಟ್ಟಿಕೊಂಡು ಕೂತರೆ ಸಂಜೆವರೆಗೆ ಅದೇ. ನನ್ನ ಎಡಕ್ಕೆ ಪುಷ್ಪಾವತಿ. ಹನ್ನೊಂದು ಸುಗ್ಗಿ ಹಾಗೆ ಕೂತಿದ್ದೇವೆ.

ಸುಲಿಯುವವರ ಕೈ ನೋಡಿಲ್ಲದವರಿಗೆ ಒಂದು ಮಾತು ಹೇಳಬೇಕು. ಹಸಿ ಅಡಿಕೆಯ ರಸ ಮೊದಲು ಕೆಂಪಗೆ ಹತ್ತುತ್ತದೆ, ಆಮೇಲೆ ಕಪ್ಪಾಗುತ್ತದೆ. ಅಂಗೈಯಿಂದ ಶುರುವಾಗಿ ಮಣಿಕಟ್ಟು ದಾಟಿ ಮೊಣಕೈವರೆಗೂ ಏರುತ್ತದೆ. ನಾವು ಅದಕ್ಕೆ ಕರೆ ಅನ್ನುತ್ತೇವೆ. ಸೋಪಿಗೆ ಹೋಗದು, ಬೂದಿಗೆ ಹೋಗದು, ಸುಗ್ಗಿ ಮುಗಿದು ತಿಂಗಳಾದ ಮೇಲೆ ತಾನಾಗಿಯೇ ಹೋಗುತ್ತದೆ. ಆ ದಿನಗಳಲ್ಲಿ ಮದುವೆಗೆ ಹೋದರೆ ಎಲೆ ಮುಂದೆ ಕೈ ಚಾಚಲು ನಾಚಿಕೆಯಾಗುತ್ತದೆ. ಪುಷ್ಪಾವತಿಗೆ ನಾಚಿಕೆ ಇರಲಿಲ್ಲ. "ನಮ್ದು ವರ್ಷಕ್ಕೆ ನಾಲ್ಕು ತಿಂಗಳ ಮೆಹಂದಿ ಕಣ್ರೀ" ಎಂದು ಬಡಿಸುವವರಿಗೇ ತೋರಿಸುತ್ತಿದ್ದಳು.

ಅವಳ ತವರು ಜಗಳೂರು ತಾಲ್ಲೂಕು. ಅಪ್ಪ ಮಲ್ಲೇಶಪ್ಪ ಸುಗ್ಗಿ ಬಂತೆಂದರೆ ಹೆಂಡತಿ ಮಕ್ಕಳನ್ನು ಲಾರಿಗೆ ಹತ್ತಿಸಿಕೊಂಡು ಈ ಕಡೆ ಬರುತ್ತಿದ್ದ. ಸುಲಿಯುವ ಮನೆಯ ಮೂಲೆಯಲ್ಲೇ ಅವರ ಅಡುಗೆ, ಅಲ್ಲೇ ನಿದ್ದೆ. ಆಗ ಇವಳಿಗೆ ಹತ್ತೋ ಹನ್ನೊಂದೋ. ಮೊದಲ ಸಲ ಕೆರೆ ತುಂಬಿದ್ದನ್ನು ನೋಡಿದ್ದು ಇಲ್ಲೇ ಅಂತೆ. "ಇಷ್ಟು ನೀರು ಯಾರದು?" ಎಂದು ಅಪ್ಪನನ್ನು ಕೇಳಿದಳಂತೆ. ದೊಡ್ಡವಳಾದ ಮೇಲೆ ಇದೇ ಊರಿನ ಕಲ್ಲೇಶ್‌ಗೆ ಕೊಟ್ಟರು. ಕಲ್ಲೇಶ್ ಟ್ರ್ಯಾಕ್ಟರ್ ಓಡಿಸುತ್ತಾನೆ. ಟ್ರ್ಯಾಕ್ಟರ್ ಅವನದಲ್ಲ, ಷಣ್ಮುಖಪ್ಪನವರ ತಮ್ಮ ಗುರುಬಸವರಾಜ್‌ದು. ಮೆಕ್ಕೆಜೋಳದ ಕಾಲದಲ್ಲಿ ಅದಕ್ಕೆ ಒಕ್ಕುವ ಯಂತ್ರ ಸಿಗಿಸಿಕೊಂಡು ಹೊನ್ನಾಳಿ, ನ್ಯಾಮತಿ ಎಂದು ಹೊರಟರೆ ವಾರಗಟ್ಟಲೆ ಬರುತ್ತಿರಲಿಲ್ಲ.

ಗುರುಬಸವರಾಜ್‌ಗೆ ನಲವತ್ತಿರಬಹುದು. ಹೆಂಡತಿ, ಇಬ್ಬರು ಮಕ್ಕಳು. ಊರಿನ ವಾಟ್ಸಾಪ್ ಗ್ರೂಪು ಅವನದೇ. ಯಾರದಾದರೂ ಎಮ್ಮೆ ಕಳೆದರೂ, ಯಾರಿಗಾದರೂ ರಕ್ತ ಬೇಕಾದರೂ ಮೊದಲು ಅವನ ಮೆಸೇಜು. ಒಳ್ಳೆಯವನು ಎಂದೇ ಹೆಸರು. ನಾನೂ ಹಾಗೇ ಹೇಳಿಕೊಂಡು ತಿರುಗಿದ್ದೆ.

ಕಾರ್ತಿಕ ಮಾಸದ ಒಂದು ಗುರುವಾರ, ಬೆಳಗಿನ ಹನ್ನೊಂದು ಗಂಟೆ ಇರಬಹುದು. ಚೀಲ ಸಾಲಲಿಲ್ಲವೆಂದು ಪುಷ್ಪಾವತಿ ಹಿಂದಿನ ಗೋಡೌನಿಗೆ ಹೋದಳು. ಬರುವುದು ತಡವಾಯಿತು. ಬಂದಾಗ ಕೈಯಲ್ಲಿ ಚೀಲ ಇರಲಿಲ್ಲ. ತನ್ನ ಜಾಗದಲ್ಲಿ ಕೂತಳು, ಒಂದು ಅಡಿಕೆ ಎತ್ತಿಕೊಂಡಳು, ಸುಲಿಯಲಿಲ್ಲ.

"ಏನೇ, ಚೀಲ ಎಲ್ಲೇ?" ಎಂದೆ.

"ಗುರುಬಸಣ್ಣ ಒಳಗಿದ್ರು" ಎಂದಳು. "ಬಾಗಿಲು ಸರಿಸಿದ್ರು. ನನ್ನ ಎರಡೂ ಕೈ ಹಿಡ್ಕಂಡು ಹಿಂಗೆ ಮೂಟೆಗೆ ಒತ್ತಿದ್ರು. ಮುಖ ಹತ್ರ ತಂದ್ರು. ನಾನು ಹೆಗಲು ಕಚ್ಚಿದೆ. ಆಗ ಬಿಟ್ರು."

ಹಿಂಗೆ ಎನ್ನುವಾಗ ಎರಡೂ ಕೈ ಮೇಲೆತ್ತಿ, ಮಣಿಕಟ್ಟು ಯಾರೋ ಹಿಡಿದ ಹಾಗೆ ತಲೆಯ ಪಕ್ಕಕ್ಕೆ ಒತ್ತಿ ತೋರಿಸಿದಳು. ಹೆಗಲು ಕಚ್ಚಿದೆ ಎನ್ನುವಾಗ ಹಲ್ಲು ಕಡಿದಳು. ನಾವು ನಕ್ಕೆವು. ಹದಿನೇಳು ಜನವೂ ನಕ್ಕೆವು. ಹನ್ನೊಂದು ವರ್ಷದಿಂದ ಅವಳು ಕೈ ಎತ್ತಿದರೆ ನಗುವುದು ನಮಗೆ ರೂಢಿ. ಎದುರು ಸಾಲಿನ ಗಾದ್ರಮ್ಮನಂತೂ ಕಣ್ಣೊರೆಸಿಕೊಂಡು, "ಅಯ್ಯೋ ನನ್ನವ್ವ, ಇನ್ನೊಂದ್ಸಲ ಮಾಡೇ!" ಎಂದಳು.

ಪುಷ್ಪಾವತಿ ಇನ್ನೊಂದು ಸಲ ಮಾಡಲಿಲ್ಲ. ನಮ್ಮೆಲ್ಲರ ಮುಖವನ್ನೂ ಒಂದು ಸುತ್ತು ನೋಡಿದಳು. ನಗು ಒಂದೊಂದೇ ಕಡೆಯಿಂದ ನಿಂತಿತು. ಆಮೇಲೆ ಕತ್ತಿಗೆ ಅಡಿಕೆ ತಾಗುವ ಸದ್ದು ಮಾತ್ರ. ಊಟದ ಹೊತ್ತಿಗೆ ಗುರುಬಸವರಾಜ್ ಯಾವತ್ತಿನ ಹಾಗೇ ಒಳಗೆ ಬಂದು, ಕಾಯಿ ಎತ್ತಿ ನೋಡಿ, "ಸಿಪ್ಪೆ ಉಳಿಸಬ್ಯಾಡ್ರಿ" ಎಂದು ಹೋದ. ಅಂಗಿ ಬದಲಾಯಿಸಿದ್ದ. ಅದನ್ನು ನಾನು ನೋಡಿದೆ, ನೋಡಿ ಸುಮ್ಮನಾದೆ.

ಸಂಜೆ ಅವಳ ಮನೆಗೆ ಹೋದೆ. ದೀಪದ ಕೆಳಗೆ ಕೈ ಚಾಚಿ ತೋರಿಸಿದಳು. ಕರೆಯ ಕಪ್ಪಿನ ಒಳಗೆ ಇನ್ನೊಂದು ಕಪ್ಪು. ಬಲ ಮಣಿಕಟ್ಟಿನ ಹೊರಗಡೆ ನಾಲ್ಕು ಬೆರಳಿನ ಗುರುತು, ಒಳಗಡೆ ಒಂದು.

"ಇದು ಕರೆ ಅಲ್ವೇನೇ?" ಎಂದೆ.

ಹೌದು, ಆ ಮಾತು ಮೊದಲು ಆಡಿದವಳು ನಾನು. ಕೆಟ್ಟ ಮನಸ್ಸಿನಿಂದ ಆಡಲಿಲ್ಲ. ನಮ್ಮ ಕೈ ಮೇಲೆ ಏನು ಕಂಡರೂ ನಮಗೆ ಮೊದಲು ಹೊಳೆಯುವುದು ಅದೇ. ಸುಟ್ಟ ಗಾಯವನ್ನೂ ಕರೆ ಎಂದುಕೊಂಡು ಎರಡು ದಿನ ಬಿಟ್ಟವರಿದ್ದಾರೆ. ಅವಳು ಬೆರಳಿನಿಂದ ಒತ್ತಿದಳು, ನೋವಿಗೆ ಕಣ್ಣು ಮುಚ್ಚಿದಳು. ಆಗ ನಂಬಿದೆ. ಪೂರ್ತಿ ನಂಬಿದೆ. ಆದರೆ ದಾರಿಯಲ್ಲಿ ಗಾದ್ರಮ್ಮ ಸಿಕ್ಕಾಗ, "ಕರೆ ಅಂದ್ಕಂಡಿದ್ದೆ ಕಣೇ, ಅಲ್ಲ ಅದು" ಎಂದು ಹೇಳಿದೆ. ಮರುದಿನ ಊರಲ್ಲಿ ತಿರುಗಿದ ಮಾತಿನಲ್ಲಿ 'ಅಲ್ಲ ಅದು' ಎನ್ನುವುದು ಇರಲಿಲ್ಲ. ದುರುಗಕ್ಕನೇ ನೋಡಿದ್ಲಂತೆ, ಬರೀ ಕರೆ ಅಂತೆ.

ಶುಕ್ರವಾರ ಬೆಳಗ್ಗೆ ಪುಷ್ಪಾವತಿ ನೇರ ಷಣ್ಮುಖಪ್ಪನವರ ಮುಂದೆ ಹೋಗಿ ನಿಂತಳು. ನಾನು ಜೊತೆಗಿದ್ದೆ.

"ಸಾವ್ಕಾರ್ರೇ, ನಿಮ್ಮ ತಮ್ಮ ಸುಲಿಯೋ ಮನೆಗೆ ಬರಬಾರ್ದು" ಎಂದಳು. "ನಂಗೆ ಬೇರೆ ಏನೂ ಬ್ಯಾಡ. ಕೇಸೂ ಬ್ಯಾಡ. ಅವರು ಒಳಗೆ ಬರಬಾರ್ದು, ಅಷ್ಟೇ."

ಷಣ್ಮುಖಪ್ಪನವರು ಕೂಗಾಡಲಿಲ್ಲ. ಅವರು ಕೂಗಾಡುವ ಜಾತಿಯವರಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಪುರಾವೆ ಏನೈತಮ್ಮ?" ಎಂದು ಕೇಳಿದರು. ಮಗಳನ್ನು ಮಾತಾಡಿಸುವ ದನಿ.

"ನಾನೇ ಹೇಳ್ತಿದೀನಲ್ರೀ."

"ನೀನು ಹೇಳೋದು ಮಾತಾತು. ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂದವ್ರೆ ದೊಡ್ಡೋರು. ಸೋಮವಾರ ಹೊಲದ ಕೆಲಸ ಇಲ್ಲ, ಎಲ್ಲಾ ಊರಾಗೆ ಇರ್ತಾರೆ. ಬಸವಣ್ಣನ ಗುಡಿ ಕಟ್ಟೆಗೆ ಬಾ. ನಿಂದು ನಿಜ ಅಂತಾದ್ರೆ ಅವನು ಬರಲ್ಲ. ನಾನೇ ನಿಂತು ಬಾಗಿಲು ಹಾಕಿಸ್ತೀನಿ. ಸುಳ್ಳಾದ್ರೆ ನೀನು ಬರಬ್ಯಾಡ."

"ಆತು" ಎಂದಳು ಪುಷ್ಪಾವತಿ. ನನಗೂ ನ್ಯಾಯವೆಂದೇ ಅನ್ನಿಸಿತು. ಎಷ್ಟು ಮರ್ಯಾದೆಯಿಂದ ಮಾತಾಡಿದರಲ್ಲ ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಸೋಮವಾರದವರೆಗೆ ಊರು ಸುಮ್ಮನಿರಲಿಲ್ಲ. ಪುಷ್ಪಾವತಿಯದು ಗುಂಡಿ ಒತ್ತುವ ಫೋನು. ಪಕ್ಕದ ಮನೆಯ ಪ್ರಮೀಳಾ, ಚನ್ನಗಿರಿಯಲ್ಲಿ ಡಿಗ್ರಿ ಓದುವ ಹುಡುಗಿ, ತನ್ನ ಫೋನಿನಿಂದ ಗ್ರೂಪಿನ ಮೆಸೇಜು ಓದಿ ಹೇಳುತ್ತಿದ್ದಳು. 'ಪುರಾವೆ ಇಲ್ಲದೆ ಗೌರವಸ್ಥರ ಮೇಲೆ ಆರೋಪ ಖಂಡನೀಯ.' ಅದರ ಕೆಳಗೆ ಕೈ ಮುಗಿದ ಚಿತ್ರಗಳ ಸಾಲು. 'ಗೋಡೌನಿನಲ್ಲಿ ಸಿಸಿ ಕ್ಯಾಮೆರಾ ಇತ್ತಾ?' 'ಕೂಗಿಕೊಳ್ಳಲಿಲ್ಲ ಯಾಕೆ?' 'ಎರಡು ಕೈ ಸೇರಿದರೇ ಚಪ್ಪಾಳೆ.' 'ಗಾಯ ಇದ್ದರೆ ಫೋಟೋ ಹಾಕಲಿ, ನಾವೂ ನೋಡುತ್ತೇವೆ.' ನ್ಯಾಮತಿಯಲ್ಲಿ ಮೊಬೈಲ್ ಅಂಗಡಿ ಇಟ್ಟ ನಮ್ಮೂರಿನ ಕೆಂಚೇಶ್ ಅಲ್ಲಿಂದಲೇ, 'ಅವಳು ದೊಡ್ಡ ನಾಟಕದವಳು, ಸುಲಿಯೋ ಮನೇಲಿ ದಿನಾ ಆಕ್ಟಿಂಗ್ ಮಾಡ್ತಾಳಂತೆ' ಎಂದು ಬರೆದಿದ್ದ. ಅವನಿಗೆ ಯಾರು ಹೇಳಿದರು? ನಾವೇ. ಮನೆಗೆ ಹೋಗಿ ಅವಳ ಅಣಕವನ್ನು ಹೇಳಿ ಹೇಳಿ ನಕ್ಕವರು ನಾವೇ.

"ಸಾಕು ಓದಬ್ಯಾಡ" ಎಂದು ಪುಷ್ಪಾವತಿ ಹೇಳಲಿಲ್ಲ. ಕೊನೆವರೆಗೂ ಕೇಳಿದಳು. ಮುಗಿದ ಮೇಲೆ ಪ್ರಮೀಳಾಗೆ, "ಟೀ ಕುಡೀತೀಯೇನವ್ವ?" ಎಂದಳು.

ಶನಿವಾರ ಕಲ್ಲೇಶ್ ಹೊನ್ನಾಳಿಯಿಂದ ಬಂದ. ಯಾರೋ ಫೋನ್ ಮಾಡಿದ್ದರು. ನಾನು ಅವರ ಜಗಲಿಯಲ್ಲೇ ಕೂತಿದ್ದೆ. ಚಪ್ಪಲಿ ಬಿಡುವ ಮೊದಲೇ, "ನಿಜಾನಾ?" ಎಂದ.

"ಏನು?"

"ಜನ ಅನ್ನೋದು."

"ಜನ ಏನಂತಾರೋ ಗೊತ್ತಿಲ್ಲ. ಅವ್ರು ಕೈ ಹಿಡಿದಿದ್ದು ನಿಜ."

"ಯಾರಾರ ನೋಡವ್ರಾ?"

ಅವಳು ಗಂಡನ ಮುಖ ನೋಡಿದಳು. ಅವಳ ಅಣಕದಲ್ಲಿ ಅವನೂ ಇದ್ದ. ಊಟಕ್ಕೆ ಕೂತು ಉಪ್ಪು ಕಡಿಮೆ ಎನ್ನಲು ಹೆದರಿ ಉಪ್ಪಿನ ಡಬ್ಬಿಯ ಕಡೆ ನೋಡುವ ಕಲ್ಲೇಶ್. ಆ ಕಲ್ಲೇಶನೇ ಈಗ ನೆಲ ನೋಡುತ್ತ, "ಸ್ಟೇಷನ್ನು ಗೀಷನ್ನು ಅಂತ ಹೋಗಬ್ಯಾಡ. ಸೋಮವಾರ ಏನಾಗ್ತೈತೋ ಆಗ್ಲಿ" ಎಂದು ಹಿತ್ತಲಿಗೆ ಹೋದ. ಶಂಕರಮ್ಮ ಟೀವಿ ಆಫ್ ಮಾಡಿ ಗೋಡೆ ಕಡೆ ತಿರುಗಿ ಮಲಗಿದಳು.

ಹೊರಡುವಾಗ ಪುಷ್ಪಾವತಿ ನನ್ನ ಜೊತೆ ರಸ್ತೆವರೆಗೂ ಬಂದಳು. "ಅಕ್ಕಾ, ಸೋಮವಾರ ನೀನು ಪಕ್ಕದಲ್ಲಿ ಇರ್ತೀಯಲ್ಲ?" ಎಂದಳು.

"ಇರ್ದೆ ಎಲ್ಲಿಗೆ ಸಾಯಾಕೆ ಹೋಗ್ಲಿ? ನಿನ್ನ ಬಿಟ್ಟು ಹೋದ್ರೆ ನನ್ನ ಬಾಯಿಗೆ ಹುಳ ಬೀಳ್ಲಿ" ಎಂದೆ. ಸೆರಗು ಸೊಂಟಕ್ಕೆ ಸಿಗಿಸಿಕೊಂಡೇ ಹೇಳಿದೆನೋ ಏನೋ. ಅವಳು ಸ್ವಲ್ಪ ನಕ್ಕಳು.

ಸೋಮವಾರ ಹತ್ತು ಗಂಟೆಗೆ ಕಟ್ಟೆ ತುಂಬಿತ್ತು. ಗಂಡಸರು ಮೇಲೆ, ಹೆಂಗಸರು ಗುಡಿ ಗೋಡೆಗೆ ಒರಗಿ. ಷಣ್ಮುಖಪ್ಪನವರಿಗೆ ಕುರ್ಚಿ. ಗುರುಬಸವರಾಜ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಇಟ್ಟು ಕೈ ಕಟ್ಟಿ ನಿಂತಿದ್ದ. ಅವನು, "ಬಸವಣ್ಣನಾಣೆ, ನಾನು ಆವತ್ತು ಗೋಡೌನ್ ಕಡೀಗೇ ಹೋಗಿಲ್ಲ" ಎಂದ. ಅಷ್ಟಕ್ಕೆ ಅವನ ಕೆಲಸ ಮುಗಿಯಿತು. ಅವನನ್ನು ಇನ್ನೊಂದು ಪ್ರಶ್ನೆ ಯಾರೂ ಕೇಳಲಿಲ್ಲ.

ಪುಷ್ಪಾವತಿಯನ್ನು ಎಲ್ಲರೂ ಕೇಳಿದರು. ಎಷ್ಟು ಗಂಟೆ, ಯಾವ ಮೂಟೆ, ಬಾಗಿಲು ಎಷ್ಟು ಸರಿದಿತ್ತು, ಯಾವ ಕೈ ಮೊದಲು. ಅವಳು ಎಲ್ಲಕ್ಕೂ ಉತ್ತರ ಕೊಟ್ಟಳು. ದನಿ ಏರಲಿಲ್ಲ, ಇಳಿಯಲಿಲ್ಲ. ಕೈ ಎತ್ತಿ ತೋರಿಸಲೂ ಇಲ್ಲ, ಮೈಗೆ ಅಂಟಿಸಿಕೊಂಡೇ ಇದ್ದಳು. ಕೊನೆಗೆ ಯಾರೋ, "ಕೈ ತೋರ್ಸು" ಎಂದರು. ತೋರಿಸಿದಳು.

"ಇದು ಕರೆ" ಎಂದ ಒಬ್ಬ. "ದುರುಗಕ್ಕನೇ ಅಂದೈತಂತೆ."

"ನಾನು ಅಲ್ಲ ಅಂದೆ!" ಎಂದು ಕೂಗಿದೆ. "ಮೊದ್ಲು ಅಂದ್ಕಂಡೆ, ಆಮೇಲೆ ಅಲ್ಲ ಅಂದೆ. ಅಂಗೈ ಹುಣ್ಣಿಗೆ ಕನ್ನಡಿ ಹಿಡೀತೀರೇನ್ರೋ?"

"ಜಗಳ ಯಾಕೆ? ತೊಳೀಲಿ. ಕರೆ ಆದ್ರೆ ತೆಳ್ಳಗಾಗ್ತೈತೆ, ಗಾಯ ಆದ್ರೆ ಉಳೀತೈತೆ" ಎಂದರು ಷಣ್ಮುಖಪ್ಪನವರು. "ಇಲ್ಲೇ ತೊಳೀಲಿ, ಎಲ್ರೂ ಕಾಣಂಗೆ."

ಹುಣಸೆಹಣ್ಣು ಬಂತು. ಬೂದಿ ಬಂತು. ತೆಂಗಿನ ನಾರು ಬಂತು. ಗುಡಿ ಪಕ್ಕದ ನಲ್ಲಿಯಿಂದ ಬಕೆಟ್ಟು ತುಂಬಿ ತಂದಿಟ್ಟರು. ನಾನು ಪಕ್ಕದಲ್ಲಿರುತ್ತೇನೆ ಎಂದಿದ್ದೆನಲ್ಲ, ಚೊಂಬು ನನ್ನ ಕೈಗೆ ಬಂತು. ನಾನು ನೀರು ಹಾಕಿದೆ, ಅವಳು ತಿಕ್ಕಿದಳು. ಊರು ನೋಡಿತು. ಒಂದು ಬಕೆಟ್ಟು ಮುಗಿದು ಇನ್ನೊಂದು ಬಂತು. ಅಂಗೈ ಬಣ್ಣ ಸ್ವಲ್ಪ ಇಳಿಯಿತು, ತೋಳಿನದೂ ಇಳಿಯಿತು. ಬಲ ಮಣಿಕಟ್ಟಿನ ಮೇಲೆ ನಾಲ್ಕು ಗುರುತು ಉಳಿದವು, ಅಂಚು ಹಳದಿಗೆ ತಿರುಗಿತ್ತು. ಒಳಗಡೆ ಹೆಬ್ಬೆರಳಿನದು. ಹತ್ತಿರದಲ್ಲಿದ್ದವರೆಲ್ಲ ಬಗ್ಗಿ ಬಗ್ಗಿ ನೋಡಿದರು. ನನಗೆ ಉಸಿರು ಬಂತು. ಮುಗಿಯಿತಲ್ಲ, ಇನ್ನೇನು ಬೇಕು ಎಂದುಕೊಂಡೆ.

"ಅಷ್ಟೊತ್ತು ನಾರಲ್ಲಿ ತಿಕ್ಕಿದ್ರೆ ಯಾರ ಕೈಯಾದ್ರೂ ಹಂಗೇ ಆಗ್ತೈತೆ" ಎಂದಿತು ಹಿಂದಿನಿಂದ ಒಂದು ದನಿ. "ತಿಕ್ಕಿದ್ದಕ್ಕೇ ಆಗಿರೋದು ಅದು."

ಹೌದಲ್ಲ ಎಂದು ನಾಲ್ಕು ಜನ ತಲೆಯಾಡಿಸಿದರು. ತಿಕ್ಕು ಎಂದವರೇ ಅವರು!

ಪುಷ್ಪಾವತಿ ಸೊಂಟ ನೆಟ್ಟಗೆ ಮಾಡಿ ನಿಂತಳು. "ನನ್ನ ಕೈ ನೋಡಿದ್ರಿ. ನಾನು ಅವರ ಎಡಗಡೆ ಹೆಗಲು ಕಚ್ಚೀನಿ. ಅವರ ಅಂಗಿ ಬಿಚ್ಚಿ ನೋಡ್ರಿ."

ಕಟ್ಟೆಯ ಮೇಲೆ ಗದ್ದಲವೋ ಗದ್ದಲ. "ಏನಮ್ಮ ನೀನು, ಊರ ಮುಂದೆ ಗಂಡಸರ ಅಂಗಿ ಬಿಚ್ಚಿಸಾಕೆ ನಾಚಿಕೆ ಆಗಲ್ವ?" ಎಂದರು. ಹೆಂಗಸರ ಕಡೆಯಿಂದಲೂ, "ಥೂ" ಎಂದದ್ದು ಕೇಳಿತು. ಗುರುಬಸವರಾಜ್‌ನ ಕೈ ತಾನಾಗಿ ಎಡ ಹೆಗಲಿಗೆ ಹೋಗಿ ಕೆಳಗಿಳಿಯಿತು. ಅದನ್ನು ಅವಳು ನೋಡಿದಳು, ನಾನು ನೋಡಿದೆ. ಬೇರೆಯವರು ಅವಳನ್ನು ನೋಡುತ್ತಿದ್ದರು.

ಆಗ ಟೈಲರ್ ಜುಂಜಪ್ಪ ಎದ್ದ. ಮುದುಕ, ಪಾಪದವನು, ಯಾರಿಗೂ ಕೆಡುಕು ಬಯಸಿದವನಲ್ಲ. ಇವತ್ತಿಗೂ ನನಗೆ ಅವನ ಮೇಲೆ ಸಿಟ್ಟಿಲ್ಲ. ಅವಳಿಗೆ ಒಳ್ಳೆಯದಾಗಲಿ ಎಂದೇ ಅವನು ಹೇಳಿದ್ದು. ಐವತ್ತು ವರ್ಷ ಊರಿನವರ ಮೈ ಅಳೆದವನಿಗೆ ಬೇರೆ ದಾರಿ ಹೊಳೆಯಲಿಲ್ಲ, ಅಷ್ಟೇ.

"ಅಂಗಿ ಗಿಂಗಿ ಬ್ಯಾಡ್ರೀ" ಎಂದ. "ಗುರುತು ಐದು ಅವೆ. ಗುರುಬಸಪ್ಪನ ಬೆರಳು ಐದು ಅವೆ. ಅಳತೆ ನೋಡಿದ್ರಾತು. ಅವನು ಒಂದ್ಸಲ ಆ ಕೈ ಹಿಡೀಲಿ. ಕೂತ್ರೆ ಕೂತಂಗೆ, ಇಲ್ಲಾಂದ್ರೆ ಇಲ್ಲ."

ಎಲ್ಲರಿಗೂ ಒಳ್ಳೆಯ ಮಾತು ಎನ್ನಿಸಿತು. ಷಣ್ಮುಖಪ್ಪನವರು ತಮ್ಮನಿಗೆ ಹೋಗು ಎಂದು ಕಣ್ಣಿನಲ್ಲೇ ಹೇಳಿದರು. ಅವನು ಚಪ್ಪಲಿ ಮೆಟ್ಟಿಕೊಂಡು ಕಟ್ಟೆ ಇಳಿದು ಬಂದ. ನಾನು ಕಲ್ಲೇಶ್‌ನನ್ನು ಹುಡುಕಿದೆ. ಬೇವಿನ ಮರದ ಹಿಂದೆ ನಿಂತಿದ್ದ. ನೆಲ ನೋಡುತ್ತಿದ್ದ.

ಬೇಡ ಎಂದು ಪುಷ್ಪಾವತಿ ಹೇಳಬಹುದಿತ್ತು. ಹೇಳಲಿಲ್ಲ. ಒದ್ದೆ ಕೈಯನ್ನು ಮುಂದೆ ಚಾಚಿದಳು. ಇಂಜೆಕ್ಷನ್ನಿಗೆ ಚಾಚುವ ಹಾಗೆ, ಬೇರೆ ಕಡೆ ನೋಡಿಕೊಂಡು. ಅವನು ಹಿಡಿದ. ನಾಲ್ಕು ಬೆರಳು ನಾಲ್ಕು ಗುರುತಿನ ಮೇಲೆ ಬಂದವು, ಹೆಬ್ಬೆರಳು ಅದರ ಜಾಗದಲ್ಲಿ. ಅವನು ಹುಡುಕಬೇಕಾಗಲೇ ಇಲ್ಲ. ನಾನು ಒಂದು ಮೊಳ ದೂರದಲ್ಲಿದ್ದೆ. ಬಿಡುವ ಮೊದಲು ಒಮ್ಮೆ ಒತ್ತಿದ. ತಲೆ ಬಗ್ಗಿಸಿ, ತುಟಿ ಅಲುಗಿಯೂ ಅಲುಗದ ಹಾಗೆ, "ಆವತ್ತು ಹಿಂಗೇ ಅಲ್ವೇನೇ ಹಿಡಿದಿದ್ದು?" ಎಂದ.

ಕೈ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ.

"ಕೂತೈತೆ" ಎಂದ ಜುಂಜಪ್ಪ. "ಸರಿಯಾಗಿ ಕೂತೈತೆ ಕಣ್ರಪ್ಪ."

"ಗಂಡಸರ ಕೈ ಎಲ್ಲಾ ಅಷ್ಟೇ ಇರ್ತಾವೆ ಜುಂಜಪ್ಪ" ಎಂದರು ಷಣ್ಮುಖಪ್ಪನವರು. "ನನ್ನ ಕೈನೂ ಕೂರ್ತೈತೆ. ಅದೇನು ಪುರಾವೆ?"

ಅದೂ ಹೌದಲ್ಲ ಎಂದು ಮತ್ತೆ ತಲೆಗಳು ಆಡಿದವು.

ಪುಷ್ಪಾವತಿ ಅವರ ಕಡೆ ನೋಡಲೇ ಇಲ್ಲ. ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಐದು ದಿನದಿಂದ ಇಲ್ಲದ್ದು ಏನೋ ಬಂದಿತ್ತು. ಸಂತೋಷ ಎಂದರೂ ತಪ್ಪಾಗದು.

"ಸಾವ್ಕಾರ್ರೇ, ಈಗ ಅವರು ಒಂದು ಮಾತಂದ್ರು. ಆವತ್ತು ಹಿಂಗೇ ಹಿಡಿದಿದ್ದು ಅಂದ್ರು. ದುರುಗಕ್ಕ ಕೇಳೈತೆ. ಅಕ್ಕಾ, ಹೇಳು."

ಇಡೀ ಊರು ನನ್ನನ್ನು ನೋಡಿತು. ಷಣ್ಮುಖಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ನನ್ನನ್ನು ಅವರು ಹೆದರಿಸಲಿಲ್ಲ, ಸುಳ್ಳು ಹೇಳಬಾರದು. "ಹೇಳು ದುರುಗಕ್ಕ. ಕೇಳಿದ್ರೆ ಕೇಳ್ದೆ ಅನ್ನು. ನಿನ್ನ ಮಾತಿಗೆ ಊರಾಗೆ ಬೆಲೆ ಐತೆ" ಎಂದರು.

ನಾನು ಬಾಯಿ ತೆರೆದೆ. ಹೇಳಿದರೆ ಮುಂದಿನ ಪ್ರಶ್ನೆ ಏನು ಎನ್ನುವುದು ನನಗೆ ಕಾಣುತ್ತಿತ್ತು. ನೀನು ಕೇಳಿದ್ದಕ್ಕೆ ಪುರಾವೆ ಏನು? ನನ್ನ ಕಿವಿಗೆ ನಾನು ಎಲ್ಲಿಂದ ಪುರಾವೆ ತರಲಿ? ನನ್ನನ್ನೂ ಹೀಗೇ ನಡುವೆ ನಿಲ್ಲಿಸುತ್ತಾರೆ, ಗ್ರೂಪಿನಲ್ಲಿ ನನ್ನ ಹೆಸರು ಬರುತ್ತದೆ, ಗುರುವಾರ ಅವಳು ಹೇಳಿದಾಗ ನೀನೂ ನಕ್ಕೆಯಲ್ಲ ಎನ್ನುತ್ತಾರೆ, ನಕ್ಕಿದ್ದೆ. ಇದೆಲ್ಲ ಒಂದು ಉಸಿರಿನಷ್ಟು ಹೊತ್ತಿನಲ್ಲಿ ತಲೆಯೊಳಗೆ ಹಾದುಹೋಯಿತು. ಹೆದರಿಕೆ ಎಂದೂ ಅನ್ನಿಸಲಿಲ್ಲ. ಎಲ್ಲ ದೂರದಲ್ಲಿ ಬೇರೆ ಯಾರಿಗೋ ಆಗುತ್ತಿರುವ ಹಾಗಿತ್ತು.

"ನಂಗೇನೂ ಕೇಳ್ಸಲಿಲ್ಲ" ಎಂದೆ. "ನೀರು ಹಾಕ್ತಿದ್ನಲ್ಲ, ನೀರಿನ ಸದ್ದಾಗೆ ಏನೂ ಕೇಳ್ಸಲಿಲ್ಲ."

ಚೊಂಬಿನಲ್ಲಿ ನೀರಿರಲಿಲ್ಲ. ಅವನು ಕಟ್ಟೆ ಇಳಿಯುವ ಮೊದಲೇ ಬಕೆಟ್ಟು ಖಾಲಿಯಾಗಿತ್ತು. ಅಲ್ಲಿದ್ದ ಪ್ರತಿಯೊಬ್ಬರಿಗೂ ಅದು ಕಾಣುತ್ತಿತ್ತು. ಇಷ್ಟು ದಿನ ಇಷ್ಟೆಲ್ಲ ಪುರಾವೆ ಕೇಳಿದ ಊರು ನನ್ನ ಆ ಒಂದು ಮಾತಿಗೆ ಯಾವ ಪುರಾವೆಯನ್ನೂ ಕೇಳಲಿಲ್ಲ.

ಪುಷ್ಪಾವತಿ ನನ್ನನ್ನು ಬೈಯಲಿಲ್ಲ. "ಹೂಂ" ಎಂದಳು. ಕೈಯನ್ನು ಸೀರೆಗೆ ಒರೆಸಿಕೊಂಡಳು. ಒಂದು ಕೈ, ಆಮೇಲೆ ಇನ್ನೊಂದು ಕೈ. ಸುಲಿಯುವ ಮನೆಗೆ ಹೋಗಿ ತನ್ನ ಮೆಟ್ಟುಗತ್ತಿ ಎತ್ತಿಕೊಂಡು ಕಂಕುಳಲ್ಲಿಟ್ಟುಕೊಂಡು ಮನೆ ದಾರಿ ಹಿಡಿದಳು. ನಾನು ಹಿಂದೆ ಹೋಗಲಿಲ್ಲ. ಈಗ ಅವಳು ಬೆಳಗಿನ ಬಸ್ಸಿಗೆ ನಲ್ಲೂರು ಕಡೆ ಮೆಕ್ಕೆಜೋಳ ಮುರಿಯುವ ಕೂಲಿಗೆ ಹೋಗುತ್ತಾಳೆ. ದಾರಿಯಲ್ಲಿ ಸಿಕ್ಕರೆ, "ಊಟ ಆತಾ ದುರುಗಕ್ಕ?" ಎನ್ನುತ್ತಾಳೆ. ಎಲ್ಲರಿಗೂ ಅನ್ನುವ ಹಾಗೆ. ಆತು ಎನ್ನುತ್ತೇನೆ. ಅವಳು ಯಾರನ್ನಾದರೂ ಅಣಕಿಸಿದ್ದನ್ನು ಮತ್ತೆ ಯಾರೂ ನೋಡಿಲ್ಲ.

ಮರುದಿನ ಮಂಗಳವಾರ ನಾವು ಹದಿನೇಳು ಜನ ಕೆಲಸಕ್ಕೆ ಕೂತೆವು. ಹನ್ನೊಂದರ ಹೊತ್ತಿಗೆ ಗುರುಬಸವರಾಜ್ ಒಳಗೆ ಬಂದ. ಎರಡು ಸಾಲಿನ ನಡುವೆ ಆ ತುದಿಯವರೆಗೆ ನಡೆದು, ತಿರುಗಿ ಬಂದು, ನನ್ನ ಎಡಕ್ಕೆ ಖಾಲಿ ಇದ್ದ ಜಾಗದಲ್ಲಿ ನಿಂತ. ನನ್ನ ತಲೆ ಮೇಲೆ ಅವನ ಉಸಿರು ಕೇಳುತ್ತಿತ್ತು. ಅವನು ಇಲ್ಲಿಗೆ ಬರಬಾರದು ಎನ್ನುವುದೊಂದನ್ನು ಬಿಟ್ಟು ಅವಳು ಬೇರೆ ಏನನ್ನೂ ಕೇಳಿರಲಿಲ್ಲ.

"ಜಾಗ ಯಾಕೆ ಖಾಲಿ ಬಿಟ್ಟೀರಿ?" ಎಂದ. "ಒತ್ತಿ ಕೂತ್ಕಳ್ರಿ."

ನಾವು ಒತ್ತಿ ಕೂತೆವು.